ಮೂರನೆಯ ನಿಯಮ

ಬೆಳಗಿನಿಂದ ನೂರೈನ್ ಮೂರನೆಯ ನಿಯಮವನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಅಳಿಸಿದ್ದಳು. ಮೊದಲೆರಡು ನಿಯಮಗಳು ಕಡೂರಿನಿಂದ ಬರುವ ಬಸ್ಸಿನಲ್ಲಿ, ಬೀರೂರು ದಾಟುವಷ್ಟರಲ್ಲೇ ತಲೆಯಲ್ಲಿ ಸಿದ್ಧವಾಗಿದ್ದವು. ತರೀಕೆರೆಯಲ್ಲಿ ಇಳಿದು, ಗಡಿಯಾರ ರಿಪೇರಿ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ, ಆಫೀಸಿನ ಫ್ಯಾನು ಹಾಕಿ ಕೂತವಳೇ ಅವೆರಡನ್ನೂ ಒಂದೇ ಉಸಿರಿಗೆ ಬರೆದು ಮುಗಿಸಿದ್ದಳು. ಮೂರನೆಯದು ಎರಡೇ ಸಾಲಿನದು, ಮೊದಲೆರಡಕ್ಕಿಂತ ಸುಲಭದ್ದು. ಆದರೆ ಬರೆದ ಕೂಡಲೇ ಅದು ತನ್ನ ಕಡೆಗೇ ತಿರುಗಿ ನೋಡುತ್ತಿದೆ ಅನ್ನಿಸಿ ಬೆರಳು ತಾನಾಗಿ ಅಳಿಸುವ ಕೀಲಿಯ ಮೇಲೆ ಹೋಗುತ್ತಿತ್ತು. ಎದುರಿನ ಮೇಜಿನಲ್ಲಿ ಹಾಲೇಶನ ಫೋನು ಬಡಿದುಕೊಳ್ಳುತ್ತಿತ್ತು. ಎರಡನೆಯ ರಿಂಗಿಗೆ ಅವನು ಎತ್ತಿದ. “ಹೂಂ ಯಜಮಾನ್ರೇ, ನಿಮ್ಮ ತೂಬಿಗೆ ಗುರುವಾರ. ಇಲ್ಲ ಇಲ್ಲ, ಗುರುವಾರನೇ. ಇನ್ನೊಂದ್ಸಲ ನೋಡಿ ಹೇಳ್ತೀನಿ, ಫೋನ್ ಇಡಬೇಡಿ,” ಎಂದು ಪರದೆಯ ಮೇಲೆ ಮೂರು ಕಡೆ ತೆರೆದು ನೋಡಿ, “ಗುರುವಾರನೇ ಯಜಮಾನ್ರೇ,” ಎಂದ. ಒಂದು ಸಲ ನೋಡಿದರೆ ಸಾಕಾಗುವುದನ್ನು ಈ ಮನುಷ್ಯ ಮೂರು ಸಲ ನೋಡುತ್ತಾನಲ್ಲ ಎಂದು ನೂರೈನಳಿಗೆ ಸಿಟ್ಟು ಬಂತು. ಬಂದ ಸಿಟ್ಟು ಅವನ ಮೇಲಲ್ಲ ಎಂಬುದು ಗೊತ್ತಿದ್ದರಿಂದ ಇನ್ನಷ್ಟು ಬಂತು.

ಐದು ಜನರ ಆಫೀಸು ಅದು. ಲಕ್ಕವಳ್ಳಿಯಿಂದ ಬರುವ ನಾಲೆಯ ನೀರು ಯಾವ ತೂಬಿಗೆ ಯಾವ ದಿನ ಎಂದು ಎಣಿಸಿ ರೈತರ ಮೊಬೈಲಿಗೆ ಸಂದೇಶ ಕಳಿಸುವ ಪ್ರೋಗ್ರಾಮನ್ನು ಒಂದು ನೀರು ಬಳಕೆದಾರರ ಸಂಘಕ್ಕೆ ಬರೆದುಕೊಟ್ಟಿದ್ದರು. ಬರೆದುಕೊಟ್ಟ ಮೇಲೂ ಅದನ್ನು ತಿದ್ದುತ್ತಲೇ ಇದ್ದರು. ಯಾರು ಎಲ್ಲಿ ಏನು ತಿದ್ದಿದರೂ ಆ ತಿದ್ದುಪಡಿಗೆ ಒಂದು ಹೆಸರು, ಒಂದು ತಾರೀಖು ಅಂಟಿಕೊಂಡು ಇತಿಹಾಸದಲ್ಲಿ ಉಳಿಯುತ್ತದೆ. ತಪಾಸಣೆ ಅಂತ ಒಂದು ಇಷ್ಟು ದಿನವೂ ಇತ್ತು, ಅವರವರ ಕಂಪ್ಯೂಟರಿನಲ್ಲೇ. ಆಜ್ಞೆಯ ಕೊನೆಗೆ ಒಂದು ಪದ ಸೇರಿಸಿದರೆ ಅದು ಸುಮ್ಮನಾಗುತ್ತಿತ್ತು, ಎಲ್ಲರೂ ಸೇರಿಸುತ್ತಿದ್ದರು. ಈಗ ಹೊಸ ಸರ್ವರ್ ಬಂದಿದೆ, ಇನ್ನು ತಪಾಸಣೆ ಅಲ್ಲಿ. ಅದಕ್ಕೆ ಹುಕ್ ಎನ್ನುತ್ತಾರೆ. ಯಾರು ಏನು ಕಳಿಸಿದರೂ ಒಳಗೆ ಸೇರುವ ಮೊದಲು ಅದು ಹಿಡಿದು ನೋಡುತ್ತದೆ, ನಿಯಮಕ್ಕೆ ಹೊಂದದಿದ್ದರೆ ಇಡೀ ಕಂತನ್ನೇ ವಾಪಸು ಕಳಿಸುತ್ತದೆ. ಅದನ್ನು ಬರೆಯುವ ಕೆಲಸವನ್ನು ಆಫೀಸು ನಡೆಸುವ ಮಾಲಿನಿ ಮೇಡಮ್ ನೂರೈನಳಿಗೆ ವಹಿಸಿದ್ದರು. “ನಿನ್ನಷ್ಟು ಅಚ್ಚುಕಟ್ಟು ಇಲ್ಲಿ ಯಾರೂ ಇಲ್ಲಮ್ಮ,” ಎಂದಿದ್ದರು. ಆ ಮಾತನ್ನು ಮನೆಯಲ್ಲಿ ಹೇಳಬಾರದಿತ್ತು. ಅಮ್ಮೀ ಬದ್ರುನ್ನೀಸಾ ಅದನ್ನು ಓಣಿಗೆಲ್ಲ ಹಂಚಿ, ಇವತ್ತು ಬೆಳಿಗ್ಗೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ, ಇನ್ನು ಆಫೀಸಿನವರೆಲ್ಲ ನಿನ್ನ ಕಾನೂನಿನ ಹಾಗೆ ನಡೆಯಬೇಕಂತೆ ಹೌದಾ ಎಂದು ಕೇಳಿದ್ದಳು. ಹೌದು ಎಂದು ತಲೆ ಆಡಿಸಿ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದುಬಂದಿದ್ದಳು.

ಮೊದಲ ನಿಯಮ: ಪ್ರತಿ ತಿದ್ದುಪಡಿಗೂ ಕೆಲಸದ ಸಂಖ್ಯೆ ಇರಬೇಕು. ಎರಡನೆಯದು: ಪಟ್ಟಿಯಲ್ಲಿ ಹೆಸರಿರುವವರು ಮಾತ್ರ ಪ್ರೋಗ್ರಾಮಿನ ಮುಖ್ಯ ಪ್ರತಿಗೆ ತಿದ್ದುಪಡಿ ಕಳಿಸಬಹುದು. ಪಟ್ಟಿಯಲ್ಲಿ ನಾಲ್ಕು ಹೆಸರು, ಹಾಲೇಶನದಿಲ್ಲ. ಮೂರನೆಯದು: ತಿದ್ದುಪಡಿಯನ್ನು ಬರೆದವರು ಮತ್ತು ಇತಿಹಾಸಕ್ಕೆ ಸೇರಿಸಿದವರು ಒಬ್ಬರೇ ಆಗಿರಬೇಕು. ಪ್ರತಿ ತಿದ್ದುಪಡಿಯ ಹೊಟ್ಟೆಯಲ್ಲಿ ಹೀಗೆ ಎರಡು ಹೆಸರು ಇರುತ್ತವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಇತಿಹಾಸ ತೆಗೆದರೆ ಬರೆದವರ ಹೆಸರೊಂದೇ ಕಾಣುತ್ತದೆ. ಸೇರಿಸಿದವರ ಹೆಸರು ಬೇಕೆಂದು ಕೇಳಿದರೆ ಮಾತ್ರ ಬರುತ್ತದೆ. ಹದಿನಾಲ್ಕು ತಿಂಗಳಿಂದ ಈ ಆಫೀಸಿನಲ್ಲಿ ಯಾರೂ ಕೇಳಿರಲಿಲ್ಲ. ಕೇಳದೆ ಇರುವುದೇ ಇಲ್ಲಿನ ಒಳ್ಳೆಯತನ. ಕರೆಂಟ್ ಹೋದಾಗ ಇನ್ವರ್ಟರಿಗೆ ತಾಳುವುದು ಒಂದೇ ಕಂಪ್ಯೂಟರು, ಅದು ಹಾಲೇಶನದು. ಅರ್ಜೆಂಟ್ ಇದ್ದವರು ಅವನನ್ನು ಎಬ್ಬಿಸಿ ಅಲ್ಲಿ ಕೂರುತ್ತಾರೆ, ಬರೆದದ್ದೆಲ್ಲ ಅವನ ಹೆಸರಿನಲ್ಲಿ ಹೋಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ ಮೂರು ಗಂಟೆ ಕರೆಂಟ್ ಇರದಿದ್ದಾಗ ಇಡೀ ಆಫೀಸು ಹಾಲೇಶನಾಗಿರುತ್ತಿತ್ತು. ಇಲ್ಲಿ ದುಡಿಯುವವನು ಅಂದರೆ ಅವನೊಬ್ಬನೇ ನೋಡಿ, ಅದೂ ಕತ್ತಲಲ್ಲಿ, ಎಂದು ತಮಾಷೆ ಮಾಡುತ್ತಿದ್ದರು. ಅವನೂ ನಗುತ್ತಿದ್ದ. ಆಗ ಅವನು ನಗುತ್ತಿದ್ದ, ಜೋರಾಗಿ, ಕೆಳಗಿನ ಗಡಿಯಾರದಂಗಡಿಯವರು ತಲೆಯೆತ್ತಿ ನೋಡುವಷ್ಟು.

ಅವತ್ತೂ ಕರೆಂಟ್ ಇರಲಿಲ್ಲ. ನೂರೈನ್ ಕೆಲಸಕ್ಕೆ ಸೇರಿ ಮೂರು ತಿಂಗಳಾಗುತ್ತಾ ಬಂದಿತ್ತು, ಆ ತಿಂಗಳ ಕೊನೆಗೆ ಕೆಲಸ ಕಾಯಂ ಆಗಬೇಕಿತ್ತು. ಹಾಲೇಶ ಎದ್ದು ಜಾಗ ಕೊಟ್ಟು ಚಹಾ ತರಲು ಇಳಿದ. ಅವಳು ಕೂತು ಸರದಿಯ ದಿನ ಎಣಿಸುವ ಆರು ಸಾಲು ಬರೆದಳು. ಸೊನ್ನೆಯಿಂದ ಎಣಿಸಬೇಕಾದ ಕಡೆ ಒಂದರಿಂದ ಎಣಿಸಿದಳು. ಸಂಜೆ ಕರೆಂಟ್ ಬಂದ ಮೇಲೆ ತನ್ನ ಕಂಪ್ಯೂಟರಿನಲ್ಲಿ ಆ ತಿದ್ದುಪಡಿಯನ್ನೇ ತೆರೆದು, ವಿವರಣೆಯಲ್ಲಿ ಬಿಟ್ಟುಹೋಗಿದ್ದ ಒಂದು ಪದವನ್ನು ಸೇರಿಸಿ ಕಳಿಸಿದಳು. ಪದ ಕಂಡಿತ್ತು, ಎಣಿಕೆ ಕಂಡಿರಲಿಲ್ಲ. ಅಚ್ಚುಕಟ್ಟು ಅಂದರೆ ಇದೇ ಇರಬೇಕು. ಮುಂದಿನ ವಾರ ಅಮೃತಾಪುರದ ಕಡೆಯ ಕೊನೆಯ ತೂಬಿನ ಮೂವತ್ತೇಳು ಮನೆಗಳಿಗೆ ನೀರಿನ ಸಂದೇಶ ಒಂದು ದಿನ ತಡವಾಗಿ ಹೋಯಿತು. ನೀರು ಸೋಮವಾರ ಬಂದು ಯಾರೂ ತಿರುಗಿಸಿಕೊಳ್ಳದೆ ಹಳ್ಳಕ್ಕೆ ಹೋಗಿತ್ತು, ಜನ ಮಂಗಳವಾರ ಗುದ್ದಲಿ ಹಿಡಿದು ಬಂದು ಸಂಜೆಯವರೆಗೆ ಒಣ ಕಾಲುವೆ ನೋಡುತ್ತಾ ನಿಂತಿದ್ದರು. ಮತ್ತೆ ಸರದಿ ಹನ್ನೆರಡು ದಿನಕ್ಕೆ. ಸಸಿಮಡಿಗಳು ಒಣಗಿದವು. ಮಾಲಿನಿ ಮೇಡಮ್ ಇತಿಹಾಸ ತೆಗೆದು, ಎಲ್ಲರನ್ನೂ ನಿಲ್ಲಿಸಿಕೊಂಡು, ಈ ಸಾಲು ಹಾಲೇಶ್ ಹೆಸರಲ್ಲಿದೆ, ಯಾರು ಬರೆದದ್ದು ಎಂದು ಕೇಳಿದರು. ಹೇಳಬೇಕೆಂದು ನೂರೈನ್ ಬಾಯಿ ತೆರೆದಿದ್ದಳು, ಇದನ್ನು ಅವಳು ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲಳು. ಅಷ್ಟರಲ್ಲಿ ಹಾಲೇಶ, “ನಾನೇ ಇರ್ಬೇಕು ಮೇಡಮ್. ಬೆಳಿಗ್ಗೆ ಅದೇ ಫೈಲ್ ಮುಟ್ಟಿದ್ದೆ, ಸರಿಯಾಗಿ ನೆನಪಿಲ್ಲ,” ಎಂದುಬಿಟ್ಟ. ತೆರೆದ ಬಾಯಿ ತೆರೆದೇ ಇತ್ತು. ಹತ್ತು ನಿಮಿಷ ಕಳೆದ ಮೇಲೆ ಹೇಳುವುದಕ್ಕೆ, ಆ ಹತ್ತು ನಿಮಿಷ ಏಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಬೇಕಾಯಿತು. ಮರುದಿನ ಒಂದು ದಿನಕ್ಕೆ ಉತ್ತರ ಬೇಕಾಯಿತು. ಈಗ ಹದಿನಾಲ್ಕು ತಿಂಗಳಿಗೆ ಬೇಕು.

“ನೂರೈನ್, ಆಯ್ತಾ?” ಮಾಲಿನಿ ಮೇಡಮ್ ತಮ್ಮ ಕೋಣೆಯ ಬಾಗಿಲಿಂದ ತಲೆ ಹಾಕಿದರು. ಕಿವಿಯಲ್ಲಿ ಫೋನ್ ಇತ್ತು, ಆ ಕಡೆ ಸಂಘದ ಕಾರ್ಯದರ್ಶಿ ತೀರ್ಥಪ್ಪ. “ಇನ್ಮೇಲೆ ಹಂಗಾಗಲ್ಲ ತೀರ್ಥಪ್ಪನೋರೇ, ಯಾರು ಏನ್ ಕಳ್ಸಿದ್ರೂ ಸರ್ವರ್ ಬಾಗ್ಲಲ್ಲೇ ಹಿಡ್ದು ನೋಡುತ್ತೆ. ಸರಿ ಇಲ್ಲ ಅಂದ್ರೆ ಅಲ್ಲಿಂದ್ಲೇ ವಾಪಸ್.” ಆಯ್ತು ಮೇಡಮ್ ಎಂದಳು. ಐದನೆಯ ಸಲ ಮೂರನೆಯ ನಿಯಮವನ್ನು ಬರೆದಳು, ಅಳಿಸಲಿಲ್ಲ. ಆದರೆ ಹೊಸ ಸರ್ವರ್ ಖಾಲಿ ಇದೆ; ಮೊದಲ ಸಲ ಕಳಿಸುವಾಗ ಹಳೆಯ ಇತಿಹಾಸವೆಲ್ಲ ಒಟ್ಟಿಗೆ ಹೋಗುತ್ತದೆ, ಹುಕ್ ಅದನ್ನೆಲ್ಲ ಹೊಸದೆಂದೇ ನೋಡುತ್ತದೆ. ಯಾರಿಗೂ ಕಾಣದಂತೆ ತನ್ನ ಕಂಪ್ಯೂಟರಿನಲ್ಲೇ ಒಮ್ಮೆ ಓಡಿಸಿ ನೋಡಿದಳು. ಎರಡು ಸಾವಿರದ ಚಿಲ್ಲರೆ ತಿದ್ದುಪಡಿಗಳಲ್ಲಿ ಮೂರನೆಯ ನಿಯಮಕ್ಕೆ ಸಿಕ್ಕಿಬಿದ್ದದ್ದು ಒಂದೇ ಒಂದು. ಕರೆಂಟ್ ಹೋದಾಗ ಹಾಲೇಶನಾಗಿದ್ದವರೆಲ್ಲ ಪೂರ್ತಿ ಹಾಲೇಶನಾಗೇ ಉಳಿದಿದ್ದರು, ಸಂಜೆ ತನ್ನ ಕಂಪ್ಯೂಟರಿನಿಂದ ಪದ ತಿದ್ದಲು ಹೋದವಳು ಅವಳೊಬ್ಬಳೇ. ಬರೆದವರು ಹಾಲೇಶ್, ಸೇರಿಸಿದವರು ನೂರೈನ್. ಹುಕ್‌ನ ತಲೆಯಲ್ಲಿ ಒಂದು ಸಾಲು ಸೇರಿಸಿದಳು: ಇಂದಿನ ತಾರೀಖಿಗಿಂತ ಹಿಂದಿನದನ್ನು ನೋಡಬೇಡ. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲ ಕಡೆ ಹೀಗೇ ಮಾಡುತ್ತಾರೆ, ಹಳೆಯದಕ್ಕೆ ವಿನಾಯಿತಿ, ಹೊಸದಕ್ಕೆ ನಿಯಮ. ಯಾರು ಕೇಳಿದರೂ ಒಪ್ಪುವ ಮಾತು. ಮತ್ತೆ ಓಡಿಸಿದಳು. ಎಲ್ಲ ಸರಿ ಎಂದಿತು.

ಊಟದ ಡಬ್ಬಿ ಮುಚ್ಚುವ ಹೊತ್ತಿಗೆ ಹಾಲೇಶ ಅವಳ ಮೇಜಿನ ಹತ್ತಿರ ಬಂದು ನಿಂತ. ಹತ್ತಿರ ಅಂದರೆ ಎರಡು ಹೆಜ್ಜೆ ದೂರ. ಮೊದಲೆಲ್ಲ ಬಂದರೆ ಮೇಜಿನ ಅಂಚಿಗೇ ಕೂತುಬಿಡುತ್ತಿದ್ದ, ಅಜ್ಜಂಪುರದ ಬಸ್ಸಿನಲ್ಲಿ ನಡೆದದ್ದನ್ನೆಲ್ಲ ನಟಿಸಿ ತೋರಿಸುತ್ತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಚೀಟಿಯೊಂದಿತ್ತು, ಅವನ ಪರದೆಯ ಪಕ್ಕ ಸದಾ ಅಂಟಿಸಿರುವುದು. ಹನ್ನೊಂದು ಅಂಶ, ದುಂಡಗಿನ ಅಕ್ಷರ. ಸೊನ್ನೆಯಿಂದ ಎಣಿಸಿದ್ದೇನಾ. ಕೊನೆಯ ತೂಬು ನೋಡಿದ್ದೇನಾ. ಇನ್ನೊಬ್ಬರಿಗೆ ತೋರಿಸಿದ್ದೇನಾ. “ಇವನ್ನೂ ನಿಮ್ಮ ಹುಕ್‌ಗೆ ಹಾಕೋಕಾಗುತ್ತಾ ಕಣ್ರೀ? ಎಲ್ರಿಗೂ ಬೇಡ, ನನ್ನ ಹೆಸ್ರಿಗೆ ಮಾತ್ರ ಆದ್ರೂ ಸಾಕು,” ಎಂದ.

“ನಿಮ್ಮೊಬ್ರಿಗೇ ಯಾಕೆ?”

“ನನ್ನ ಕೈಯಿಂದ ಇನ್ನೊಂದ್ಸಲ ಹಂಗಾಗ್ಬಾರ್ದು ನೋಡಿ. ಮೇಡಮ್ ಪಟ್ಟೀಲಿ ಹೆಸ್ರು ಹಾಕ್ಲಿಲ್ಲ ಅಂತ ನಂಗೇನೂ ಬೇಜಾರಿಲ್ಲ. ಹಾಕಿದ್ರೆ ಭಯ ಆಗ್ತಿತ್ತು.”

ನೋಡ್ತೀನಿ ಎಂದು ಚೀಟಿ ಇಸಿದುಕೊಂಡಳು. ಅಂಚುಗಳಲ್ಲಿ ಪ್ಲಾಸ್ಟಿಕ್ ಹಳದಿಯಾಗಿ ಬಿರುಕು ಬಿಟ್ಟಿತ್ತು. ಚೀಟಿಗೆ ಪ್ಲಾಸ್ಟಿಕ್ ಹೊದಿಸಿಕೊಂಡು ಅವನು ಬಂದ ದಿನವೂ ಅವಳಿಗೆ ನೆನಪಿದೆ, ಅಮೃತಾಪುರದಿಂದ ವಾಪಸಾದ ಮರುದಿನ. ತಪ್ಪು ಮಾಡಿದವರು ಬಂದು ಮುಖ ತೋರಿಸಲಿ ಎಂದು ತೀರ್ಥಪ್ಪ ಹಟ ಹಿಡಿದಿದ್ದರು, ಮೇಡಮ್ ಇವಳನ್ನೂ ಜೊತೆಗೆ ಕಳಿಸಿದ್ದರು. ಕೊನೆಯ ತೂಬಿನ ಗೋಡೆಯ ಮೇಲೆ ಸರದಿ ಬರೆಯುವುದು ಅಲ್ಲಿನ ಪದ್ಧತಿ; ಸಂದೇಶ ಬಂದರೂ ಗೋಡೆಯಲ್ಲಿ ಬರೆಯದೆ ಜನ ನಂಬುವುದಿಲ್ಲ. ಈರಭದ್ರಪ್ಪ ಎಂಬ ಮುದುಕರು ಬೈಯಲಿಲ್ಲ, ಅದೇ ಕೆಟ್ಟದ್ದು. ಒಂದು ಇದ್ದಿಲ ಚೂರು ಕೊಟ್ಟು, “ನಿನ್ನ ಹೆಸ್ರು, ಫೋನ್ ನಂಬರು ಇಲ್ಲಿ ಬರಿಯಪ್ಪಾ. ಇನ್ಮೇಲೆ ಕೇಳೋದಿದ್ರೆ ನಿನ್ನನ್ನೇ ಕೇಳ್ತೀವಿ. ಮಿಷನ್ನನ್ನ ಕೇಳೋಕಾಗ್ತದಾ?” ಎಂದಿದ್ದರು. ಹಾಲೇಶ ಹೆಗಲ ಚೀಲವನ್ನು ಇವಳ ಕೈಗೆ ಕೊಟ್ಟು, ಬಗ್ಗಿ, ಶಾಲೆಯ ಹುಡುಗನ ಹಾಗೆ ದುಂಡಗೆ ಬರೆದಿದ್ದ. ಬರೆದು ಕೈ ಮುಗಿದಿದ್ದ. ಚೀಲ ಭಾರವಿತ್ತು, ಅದರಲ್ಲಿ ಅವನ ಊಟದ ಡಬ್ಬಿ ಇತ್ತು, ಅವತ್ತು ಅವನು ಅದನ್ನು ತೆರೆಯಲೇ ಇಲ್ಲ. ಅವಳು ಚೀಲ ಹಿಡಿದುಕೊಂಡು, ಎಷ್ಟು ಒಳ್ಳೆಯ ಹುಡುಗಿ ಜೊತೆಗೆ ಬಂದಿದ್ದಾಳೆ ಎಂದು ಅವರೆಲ್ಲ ಅಂದುಕೊಳ್ಳುವಂತೆ ನಿಂತಿದ್ದಳು. ಹಾಗೆ ನಿಂತದ್ದೇ ಈಗ ಎಲ್ಲಕ್ಕಿಂತ ಅಸಹ್ಯವಾಗಿ ಕಾಣುತ್ತದೆ. ಎಣಿಕೆಯ ತಪ್ಪು ಯಾರ ಕೈಯಲ್ಲಾದರೂ ಆಗುತ್ತದೆ.

ಚೀಟಿಯನ್ನು ಕೀಲಿಮಣೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಹುಕ್ ತೆರೆದು, ಹಳೆಯದನ್ನು ನೋಡಬೇಡ ಎಂದಿದ್ದ ಸಾಲನ್ನು ತೆಗೆದುಹಾಕಿದಳು. ಧೈರ್ಯ ಮಾಡಿ ತೆಗೆದಳು ಎನ್ನುವ ಹಾಗಿಲ್ಲ. ಯಂತ್ರವೇ ಹೇಳಲಿ, ತಾನು ಬಾಯಿ ಬಿಡುವುದು ಬೇಡ, ಕೆಂಪು ಅಕ್ಷರದಲ್ಲಿ ಎರಡು ಹೆಸರು ಬಂದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ, ಆಗ ತಲೆ ತಗ್ಗಿಸಿ ನಿಂತರೆ ಸಾಕು ಎನ್ನುವ ಲೆಕ್ಕಾಚಾರವೂ ಅದರಲ್ಲಿತ್ತು. ಕೂಡಲೇ ಮತ್ತೆ ಸೇರಿಸೋಣ ಅನ್ನಿಸಿತು. ಮಾಲಿನಿ ಮೇಡಮ್ ಹೊರಗೆ ಬಂದರು.

“ಮೊದ್ಲು ಹಾಲೇಶ್ ಕಳ್ಸಿ ನೋಡ್ಲಿ. ಅವ್ನ ಹೆಸ್ರು ಪಟ್ಟೀಲಿಲ್ಲ, ಅವ್ನನ್ನ ಅದು ಒಳಗೆ ಬಿಡಬಾರ್ದು. ಬಿಡ್ಲಿಲ್ಲ ಅಂದ್ರೆ ಸರಿಯಾಗಿದೆ ಅಂತ. ಆಮೇಲೆ ನೀನು ಕಳ್ಸು,” ಎಂದು ಹೇಳಿ, ಮತ್ತೆ ಫೋನ್ ಬಂದದ್ದರಿಂದ ಒಳಗೆ ಹೋದರು. ಹಾಲೇಶನನ್ನು ತಡೆಯುತ್ತದೋ ಇಲ್ಲವೋ ಎಂದು ಹಾಲೇಶನನ್ನೇ ಕರೆದು ನೋಡುವುದು ಅವರಿಗೆ ಸಹಜವಾಗಿ ಕಂಡಿತ್ತು. ಅವನಿಗೂ ಸಹಜವಾಗೇ ಕಂಡಿತೆಂದು ತೋರುತ್ತದೆ. ತನ್ನ ಚೀಟಿ ಕೇಳಿ ಪಡೆದು, ಹನ್ನೊಂದು ಅಂಶಗಳ ಮೇಲೂ ಬೆರಳಿಟ್ಟು ಓದಿ, ತನ್ನನ್ನು ನಿರಾಕರಿಸಲೆಂದೇ ಕಳಿಸಬೇಕಾಗಿದ್ದ ಆಜ್ಞೆಯನ್ನು ಎರಡೆರಡು ಸಲ ಪರೀಕ್ಷಿಸಿ ಒತ್ತಿದ. ನೂರೈನ್ ಅವನ ಬೆನ್ನ ಹಿಂದೆ ನಿಂತಿದ್ದಳು. ಅವನ ಅಂಗಿಯ ಕಾಲರು ಒಳಕ್ಕೆ ಮಡಚಿಕೊಂಡಿತ್ತು. ಪರದೆಯ ಮೇಲೆ ಎಣಿಕೆ ಏರಿ, ನಿಂತು, ಕೆಂಪು ಸಾಲುಗಳು ಬಂದವು. ನಿರಾಕರಿಸಲಾಗಿದೆ. ಎರಡನೆಯ ನಿಯಮ: ಹೆಸರು ಪಟ್ಟಿಯಲ್ಲಿಲ್ಲ. ಅದರ ಕೆಳಗೆ, ಮೂರನೆಯ ನಿಯಮ: ಬರೆದವರು ಹಾಲೇಶ್, ಸೇರಿಸಿದವರು ನೂರೈನ್. ಅದರ ಪಕ್ಕ ತಾರೀಖು.

ಬೇರೆಯವರಾಗಿದ್ದರೆ ಮೊದಲ ಸಾಲು ಓದಿ ಎದ್ದುಬಿಡುತ್ತಿದ್ದರು. ಅವನು ಕೊನೆಯ ಸಾಲಿನವರೆಗೂ ಓದಿದ. ತಾರೀಖಿನ ಮೇಲೆ ಅವನ ಕಣ್ಣು ನಿಂತದ್ದು ಹಿಂದಿನಿಂದಲೇ ಗೊತ್ತಾಯಿತು, ಭುಜ ಸ್ವಲ್ಪ ಕೆಳಗಿಳಿಯಿತು. ಈಗ ತಿರುಗುತ್ತಾನೆ, ಈಗ ಕೇಳುತ್ತಾನೆ ಎಂದು ಅವಳು ಕಾದಳು. ಅವನು ತಿರುಗಿದ, ದನಿ ತಗ್ಗಿಸಿ ಹೇಳಿದ: “ಇದು ಅವತ್ತಿಂದು ಕಣ್ರೀ. ನನ್ನ ಆ ತಪ್ಪು. ನೀವು ಪಾಪ ಸೇರ್ಸಿಕೊಟ್ಟಿದ್ರಿ ಅಂತ ಕಾಣುತ್ತೆ, ನಿಮ್ಮ ಹೆಸ್ರೂ ಸಿಕ್ಕಾಕ್ಕೊಂಡಿದೆ. ಮೇಡಮ್ ನೋಡೋದ್ರೊಳಗೆ ಇದೊಂದನ್ನ ಮುಚ್ಬಿಡಿ. ಒಂದು ವಿನಾಯ್ತಿ ಕೊಡೋಕೆ ಬರುತ್ತಲ್ಲ? ಎಲ್ರ ಮುಂದೆ ಮತ್ತೆ ಅದು ಬರೋದು ಬೇಡ.”

ಯಂತ್ರ ತನಗೆ ಗೊತ್ತಿದ್ದಷ್ಟನ್ನು ಹೇಳಿ ಸುಮ್ಮನಾಗಿತ್ತು. ಎರಡು ಹೆಸರು ಒಂದೇ ಇಲ್ಲ ಎಂದಿತ್ತು, ಅಷ್ಟೆ; ಯಾವ ಹೆಸರು ಸುಳ್ಳು ಎನ್ನುವುದು ಅದಕ್ಕೆ ತಿಳಿಯದು. ಅವಳು ಈಗ ಹೂಂ ಎಂದರೆ ಸಾಕಿತ್ತು, ಅವನು ಉಪಕಾರ ಎಂದು ತಿಳಿದು ಸಂಜೆ ಬಸ್ಸು ಹತ್ತುತ್ತಿದ್ದ, ಆ ಸಾಲು ಇನ್ನೆಂದೂ ಮೇಲೆ ಬರುತ್ತಿರಲಿಲ್ಲ. ತನ್ನನ್ನು ಬಿಡಿಸಬಹುದಾದ ಒಂದೇ ಸಾಲನ್ನು ಮುಚ್ಚು ಎಂದು ಅವನೇ ಬೇಡುತ್ತಿದ್ದ. ಕೋಣೆಯ ಬಾಗಿಲು ತೆರೆದ ಸದ್ದಾಯಿತು. “ಏನಾಯ್ತು, ಹಿಡೀತಾ?” ಎನ್ನುತ್ತಾ ಮಾಲಿನಿ ಮೇಡಮ್ ಬಂದರು. ಹಾಲೇಶ ಎದ್ದು ಪರದೆಗೆ ಅಡ್ಡವಾಗಿ ನಿಂತ. ಆ ಅಡ್ಡ ನಿಂತ ಬೆನ್ನನ್ನು ನೋಡಲಾಗದೆ ಅವಳು ಹೇಳಿಬಿಟ್ಟಳು.

“ಅದನ್ನ ಬರ್ದಿದ್ದು ನಾನು ಮೇಡಮ್. ಅಮೃತಾಪುರದ್ದು. ಕರೆಂಟ್ ಇರ್ಲಿಲ್ಲ, ಅವ್ರ ಸಿಸ್ಟಮಲ್ಲಿ ಕೂತಿದ್ದೆ. ನಂಗೆ ಅವತ್ತೇ ಗೊತ್ತಿತ್ತು.”

ಮಾಲಿನಿ ಮೇಡಮ್ ಹಾಲೇಶನನ್ನು ಪಕ್ಕಕ್ಕೆ ಸರಿಸಿ ಪರದೆ ಓದಿದರು, ನಿಧಾನವಾಗಿ, ಎರಡು ಸಲ. “ಈಗ ಹೇಳ್ತಿದೀಯಾ,” ಎಂದರು. ಬೈಯಲು ಹೊರಟಂತಿತ್ತು, ಬೈಯಲಿಲ್ಲ. “ನಾಲ್ಕು ಗಂಟೆಗೆ ಒಳಗೆ ಬಾ,” ಎಂದು ಹೇಳಿ ಹೋದರು. ಉಳಿದಿಬ್ಬರು ಕೀಲಿಮಣೆ ಕುಟ್ಟುವುದನ್ನು ಬಿಟ್ಟು, ಆಮೇಲೆ ಸುಮ್ಮನೆ ಕುಟ್ಟತೊಡಗಿದರು.

ಹಾಲೇಶ ಕೂತ. ಅವನ ಮುಖದಲ್ಲಿ ಸಮಾಧಾನ ಬರುತ್ತದೆಂದು ಅವಳು ಕಾದಿದ್ದಳು, ಬರಲಿಲ್ಲ. ಸಿಟ್ಟೂ ಬರಲಿಲ್ಲ. ಏನೋ ಕಳೆದುಕೊಂಡು ಎಲ್ಲಿ ಬಿದ್ದಿತೆಂದು ಹುಡುಕುವವನಂತೆ ಮೇಜಿನ ಮೇಲೆ ನೋಡುತ್ತಿದ್ದ. “ನನ್ನ ಚೀಲ ನೀವೇ ಹಿಡ್ಕೊಂಡಿದ್ರಿ,” ಎಂದ. ಆಮೇಲೆ, “ಹಂಗಾದ್ರೆ ಇಷ್ಟು ದಿನ ನಾನು ಯಾತಕ್ಕೆ ಹೆದರ್ತಿದ್ದೆ?” ಎಂದ. ಅವಳನ್ನು ಕೇಳಿದ್ದಲ್ಲ ಅದು, ಆದರೂ ಉತ್ತರ ಕೊಡಬೇಕಾದವಳು ಅವಳೇ. ತಪ್ಪಾಯಿತು ಎನ್ನುವ ಮಾತು ಬಾಯಿಗೆ ಬಂತು, ಅದು ಎಷ್ಟು ಸಣ್ಣದು ಅನ್ನಿಸಿ ಅಲ್ಲೇ ನಿಂತಿತು.

“ತಪ್ಪಾಯ್ತು,” ಎಂದಳು ಕೊನೆಗೆ. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಚೀಟಿಯನ್ನು ಎತ್ತಿ ಪರದೆಯ ಪಕ್ಕ ಅಂಟಿಸಲು ಹೋದ, ತಡೆದ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

ಅವನ ಫೋನು ಬಡಿದುಕೊಂಡಿತು. ಮೇಜಿನ ಮೇಲೆ ತಿರುಗುತ್ತಾ ಅಂಚಿನ ಕಡೆ ಸರಿಯುತ್ತಿತ್ತು. ಈರಭದ್ರಪ್ಪ ಎಂದು ಹೆಸರು ಹೊಳೆಯಿತು. ಒಂದು ರಿಂಗು, ಎರಡು. ಎರಡನೆಯದಕ್ಕೆ ಎತ್ತುವವನು ಈ ಸಲ ಎತ್ತಲಿಲ್ಲ. ಮೂರು, ನಾಲ್ಕು. ಅವನು ಒಂದು ಬೆರಳಿನಿಂದ ಫೋನನ್ನು ಅವಳ ಕಡೆ ತಳ್ಳಿದ.

“ಗೋಡೆ ಮೇಲೆ ಈಗ್ಲೂ ನನ್ನ ಹೆಸ್ರೇ ಇದೆ. ಇದ್ದಿಲು ಅಳಿಸಿಹೋಗ್ತದೆ ಅಂತ ಅವ್ರು ಅದೇ ಅಕ್ಷರಗಳ್ನ ಬಣ್ಣದಲ್ಲಿ ತಿದ್ದವ್ರೆ,” ಎಂದ. “ನೀವೇ ಮಾತಾಡಿ.”

ಅವಳು ಎತ್ತಿಕೊಂಡಳು. ಫೋನು ಬೆಚ್ಚಗಿತ್ತು. ಆ ಕಡೆ ಗಾಳಿಯ ಸದ್ದು, ಎಲ್ಲೋ ದನ ಅಟ್ಟುವ ದನಿ. “ಏನಪ್ಪಾ ಹಾಲೇಶ, ಇವತ್ತು ಇಷ್ಟೊತ್ತು ಮಾಡ್ದೆ? ನಂದು ಗುರುವಾರನೇ ತಾನೆ?”

“ಹಾಲೇಶ್ ಅಲ್ಲ ಅಜ್ಜ. ನಾನು ನೂರೈನ್.”

“ಯಾರಮ್ಮಾ ನೀನು? ಹಾಲೇಶನಿಗೆ ಕೊಡು. ಅವ್ನು ಹೇಳಿದ್ರೇ ನಂಗೆ ನಂಬಿಕೆ.”

ಅವಳು ತಲೆಯೆತ್ತಿ ನೋಡಿದಳು. ಹಾಲೇಶ ಕೈ ಚಾಚಲಿಲ್ಲ. ಅವನ ಮುಂದಿನ ಪರದೆಯ ಮೇಲೆ ಕೆಂಪು ಸಾಲುಗಳು ಹಾಗೇ ಇದ್ದವು. ಆ ಕಡೆ ಮುದುಕರು ಫೋನ್ ಇಡದೆ ಕಾಯುತ್ತಿದ್ದರು.

“ನಾನು ನೂರೈನ್, ಅಜ್ಜ,” ಎಂದಳು. “ಹೋದ ವರ್ಷ ನಿಮ್ಮ ತೂಬಿನ ಹತ್ರ ಚೀಲ ಹಿಡ್ಕೊಂಡು ನಿಂತಿದ್ದೆನಲ್ಲ, ಅವಳು.”